ಅಪ್‌ಡೇಟ್: ತೋಲು ಮೊಟ್ಟೆ ಸಮಸ್ಯೆ ಸರಿಯಾಯ್ತು

ಉಡುಪಿ ಹತ್ತಿರದ ನಮ್ಮ ಮನೆಯ 6 ಎಳೆ ಕೋಳಿಗಳಲ್ಲಿ ಮೊಟ್ಟೆ ಶುರು ಮಾಡಿದವು ಸಿಪ್ಪೆಯೇ ಇಲ್ಲದ ಮೆತ್ತನೆ ಮೊಟ್ಟೆ ಇಡುತ್ತಿವೆ ಎಂದು ಮೂರು ವಾರದ ಹಿಂದೆ ಕೇಳಿದ್ದೆ. ಈಗ ದಿನಕ್ಕೆ 4-5 ಗಟ್ಟಿ ಮೊಟ್ಟೆ ಸಿಗುತ್ತಿವೆ. ತುಂಬಾ ಖುಷಿಯಾಗಿದೆ!

ಕೆಲಸ ಮಾಡಿದ್ದು ಮರುವಾಯಿ (ಕಪ್ಪೆಚಿಪ್ಪು) ಚಿಪ್ಪು. ಸಾರು ಮಾಡಿ ಉಳಿದ ಚಿಪ್ಪನ್ನು ತೊಳೆದು, ಒಣಗಿಸಿ, ಜೋಳದ ಕಾಳಿಗಿಂತ ಸಣ್ಣದಾಗಿ ಕುಟ್ಟಿ ಬೇರೆ ಬಟ್ಟಲಲ್ಲಿ ಇಟ್ಟೆ. ಬೇಕಾದಷ್ಟು ಅವೇ ತಿನ್ನುತ್ತವೆ. ಮೊದಲು ನುಣ್ಣಗೆ ಪುಡಿ ಮಾಡಿ ಆಹಾರಕ್ಕೆ ಬೆರೆಸಿದ್ದೆ, ಅಷ್ಟೇನೂ ಫಲ ಸಿಗಲಿಲ್ಲ. ಕಾರಣ ಆಮೇಲೆ ಗೊತ್ತಾಯ್ತು. ಸಿಪ್ಪೆ ಹೆಚ್ಚಾಗಿ ಕಟ್ಟುವುದು ರಾತ್ರಿ. ಪುಡಿ ಬೇಗ ಕರಗಿ ಹೋಗುತ್ತದೆ, ತುಂಡು ಹೊಟ್ಟೆಯಲ್ಲಿ ಉಳಿದು ನಿಧಾನವಾಗಿ ಕರಗುತ್ತದೆ. ಹಾಗಾಗಿ ಸಂಜೆ ಬಟ್ಟಲು ತುಂಬಿಯೇ ಇರಬೇಕು.

ಗ್ರೋವರ್ ಫೀಡ್ (ಬೆಳೆಯುವ ಕೋಳಿಗಳ ಆಹಾರ) ಬಿಟ್ಟು ಲೇಯರ್ ಫೀಡಿಗೆ (ಮೊಟ್ಟೆ ಇಡುವ ಕೋಳಿಗಳ ಆಹಾರ) ಬದಲಿಸಿ ಎಂದವರಿಗೂ ಥ್ಯಾಂಕ್ಸ್. ಸಿಪ್ಪೆ ಕಟ್ಟಲು ಬೇಕಾದ ಕ್ಯಾಲ್ಸಿಯಂ ಗ್ರೋವರ್‌ನಲ್ಲಿ ಸುಮಾರು 1%, ಲೇಯರ್‌ನಲ್ಲಿ 3.5% ಮೇಲೆ. ಎಷ್ಟು ವ್ಯತ್ಯಾಸ ಅಲ್ವಾ? ಕುಚ್ಚಲಕ್ಕಿ ಅನ್ನ ಜಾಸ್ತಿ ಹಾಕುತ್ತಿದ್ದೆ, ಅದರಿಂದ ಹೊಟ್ಟೆ ತುಂಬಿ ಫೀಡ್ ಬಿಡುತ್ತಿದ್ದವು. ಈಗ ಸಂಜೆ ಒಂದು ಹಿಡಿ ಮಾತ್ರ.

ಮೆಂತ್ಯ ನೀರಿನಿಂದ ಏನೂ ಆಗಲಿಲ್ಲ. ಒಂದು ಕೋಳಿ ಈಗಲೂ ಆಗಾಗ ಸೊಟ್ಟ ಮೊಟ್ಟೆ ಇಡುತ್ತದೆ, ಅದು ಮೊಟ್ಟೆ ಶುರು ಮಾಡಿ ಹತ್ತೇ ದಿನ ಆಗಿದೆ.