ʻತಿದ್ದಿದ ವಯಸ್ಸುʼ: ಬೇರೆ ಪದ ಉಂಟೆ?

ನವಜಾತ ಶಿಶುಗಳ ತೀವ್ರ ನಿಗಾ ಘಟಕದಿಂದ ಮಗುವನ್ನು ಮನೆಗೆ ಕರೆದೊಯ್ಯುವ ತಂದೆತಾಯಿಗಳಿಗಾಗಿ ಒಂದು ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ನನ್ನ ಮಗಳೂ 30 ವಾರಕ್ಕೇ ಹುಟ್ಟಿ ಅಂಥ ಘಟಕದಲ್ಲಿ 46 ದಿನ ಇದ್ದವಳು. ಆ ಋಣಕ್ಕೆ ಒಪ್ಪಿಕೊಂಡ ಕೆಲಸ. ಮುಕ್ಕಾಲು ಪಾಲು ಮುಗಿದಿದೆ, ಒಂದು ಪದ ಮಾತ್ರ ಕೈಗೆ ಸಿಗದೆ ಆಟವಾಡಿಸುತ್ತಿದೆ.

ವೈದ್ಯರು ಅದನ್ನು ʻಕರೆಕ್ಟೆಡ್ ಏಜ್ʼ ಎನ್ನುತ್ತಾರೆ. ಹುಟ್ಟಿದ ದಿನದಿಂದಲ್ಲ, 40 ವಾರ ತುಂಬಿ ಹುಟ್ಟಬೇಕಿದ್ದ ದಿನದಿಂದ ಎಣಿಸುವ ವಯಸ್ಸು. ಮಗಳಿಗೆ 16 ವಾರವಾದರೂ ಮುಖ ನೋಡಿ ನಗಲಿಲ್ಲವೆಂದು ನಾನು ಗಾಬರಿಯಾಗಿದ್ದೆ. ದಾದಿ ಕಾರ್ಡಿನ ಅಂಚಿನಲ್ಲಿ 16ರಿಂದ 10 ಕಳೆದು, 6ಕ್ಕೆ ಸುತ್ತು ಹಾಕಿ ತೋರಿಸಿದರು. ಮುಂದಿನ ವಾರವೇ ನಕ್ಕಳು. ಲಸಿಕೆಗೆ ಹುಟ್ಟಿದ ದಿನದ ಲೆಕ್ಕ. ತೂಕ, ಕುತ್ತಿಗೆ ನಿಲ್ಲುವುದು, ಕೂರುವುದು, ಇವಕ್ಕೆ ಸುಮಾರು 2 ವರ್ಷದವರೆಗೆ ಆ ಇನ್ನೊಂದು ಲೆಕ್ಕ. ಹಾಗಾಗಿ ಎರಡು ವಯಸ್ಸಿಗೂ ಒಂದೊಂದು ಹೆಸರು ಬೇಕೇ ಬೇಕು.

ʻತಿದ್ದಿದ ವಯಸ್ಸುʼ ಎಂದರೆ ಯಾರೋ ಜನನ ಪ್ರಮಾಣಪತ್ರದಲ್ಲಿ ಕೈಚಳಕ ತೋರಿಸಿದ ಹಾಗಿದೆ. ʻಪರಿಷ್ಕೃತ ವಯಸ್ಸುʼ ಎಂದರೆ ಕೂಸಿಗೆ ವೇತನ ಶ್ರೇಣಿ ನಿಗದಿಯಾದಂತೆ. ʻಸರಿಪಡಿಸಿದʼ ಎಂದರೆ ಮೊದಲಿನದು ತಪ್ಪಾಗಿತ್ತು ಎಂದಾಗುತ್ತದೆ, ಅದೂ ಸರಿಯಲ್ಲ. ಆ 10 ವಾರ ಅವಳು ಹೊರಗೆ ಬದುಕಿದ್ದು ಸುಳ್ಳೇ?

ʻದಿನ ತುಂಬುʼ ಎಂಬ ನಮ್ಮದೇ ಮಾತಿನಿಂದ ಏನಾದರೂ ಹೊರಟೀತೇ ಎಂದು ನೋಡಿದೆ. ʻತುಂಬು ವಯಸ್ಸುʼ ಎಂದು ಬರೆದು ನಾನೇ ನಕ್ಕು ಹೊಡೆದುಹಾಕಿದೆ. ಅದು ತುಂಬುಪ್ರಾಯದ ಪಕ್ಕ ಹೋಗಿ ನಿಲ್ಲುತ್ತದೆ. ʻತುಂಬುದಿನದ ವಯಸ್ಸುʼ ಪರವಾಗಿಲ್ಲ ಅನ್ನಿಸುತ್ತದೆ, ಆದರೆ ವಿವರಣೆಯಿಲ್ಲದೆ ಯಾರಿಗೂ ತಿಳಿಯದು.

ಈ ʻತುಂಬುʼ ಇನ್ನೊಂದು ಕಡೆಯೂ ಕಾಲಿಗೆ ತೊಡರಿತು. 37 ವಾರಕ್ಕೆ ಮೊದಲು ಹುಟ್ಟಿದ ಶಿಶುವನ್ನು ʻತಿಂಗಳು ತುಂಬದ ಮಗುʼ ಎಂದು ಬರೆದಿದ್ದೆ. ಓದಿದ ಗೆಳತಿ ಅದನ್ನು ಹುಟ್ಟಿ ಇನ್ನೂ ಒಂದು ತಿಂಗಳಾಗದ ಮಗು ಎಂದುಕೊಂಡಳು! ಅವಳದೇನೂ ತಪ್ಪಿಲ್ಲ, ಮಗುವಿಗೆ ಎರಡು ತಿಂಗಳು ತುಂಬಿತು ಎಂದೇ ತಾನೆ ನಾವು ಹೇಳುವುದು. ಈಗ ಎಲ್ಲೆಡೆ ʻದಿನ ತುಂಬುವ ಮೊದಲೇ ಹುಟ್ಟಿದʼ ಎಂದು ಉದ್ದಕ್ಕೆ ಬರೆಯುತ್ತಿದ್ದೇನೆ. ʻಅವಧಿಪೂರ್ವʼ ತಲೆಬರಹಕ್ಕೆ ಸಾಕು. ʻಅಕಾಲಿಕʼವನ್ನಂತೂ ಬೇಕೆಂದೇ ಬಿಟ್ಟಿದ್ದೇನೆ. ಪತ್ರಿಕೆಗಳಲ್ಲಿ ಅದರ ಮಗ್ಗುಲಲ್ಲಿ ʻಮರಣʼ ಕಂಡು ಕಂಡು, ಗಾಜಿನಾಚೆ ಮಗುವನ್ನಿಟ್ಟುಕೊಂಡ ತಾಯಿಗೆ ಆ ಪದ ಓದಿಸಲು ಮನಸ್ಸು ಬರುವುದಿಲ್ಲ.

ಇನ್‌ಕ್ಯುಬೇಟರನ್ನು ʻಕಾವುಪೆಟ್ಟಿಗೆʼ ಮಾಡಿದ್ದೇನೆ. ಕೋಳಿಯ ನೆನಪಾಗುತ್ತದೆ ಎಂದು ಅದೇ ಗೆಳತಿ ಮುಖ ಸಿಂಡರಿಸಿದಳು. ಆಗಲಿ ಬಿಡಿ. 1880ರ ಸುಮಾರಿಗೆ ಪ್ಯಾರಿಸಿನ ಪ್ರಸೂತಿ ವೈದ್ಯ ತಾರ್ನಿಯೆಗೆ ಈ ಯೋಚನೆ ಹೊಳೆದದ್ದೇ ಕೋಳಿಮೊಟ್ಟೆಗೆ ಕಾವು ಕೊಡುವ ಪೆಟ್ಟಿಗೆಯನ್ನು ಕಂಡು.

ʻನಿಗಾʼ ಬಗ್ಗೆಯೂ ತಕರಾರಿತ್ತು. ನಿಗಾ ಇಡುವುದು ಪೊಲೀಸರು, ಇಲ್ಲಿ ನಡೆಯುವುದು ಆರೈಕೆಯಲ್ಲವೇ ಎಂದು. ಆದರೆ ಅಲ್ಲಿ ಕೂತು ನಾನು ಮಾಡಿದ್ದು ಅದನ್ನೇ: ಉಸಿರು ಮರೆತರೆ ಯಂತ್ರ ಕೂಗುವ ಮೊದಲೇ ಗೊತ್ತಾಗಲೆಂದು ಆ ಪುಟ್ಟ ಎದೆಯನ್ನು ಕಣ್ಣು ಕೀಳದೆ ನೋಡಿದ್ದು. ʻನಿಗಾʼ ಪಾರಸಿಯಿಂದ ಬಂದದ್ದು, ಮೂಲದಲ್ಲಿ ನೋಟವೆಂದೇ ಅರ್ಥ. ಅದು ಹಾಗೆಯೇ ಇರಲಿ.

ಉಳಿದದ್ದು ಆ ವಯಸ್ಸು. ಕೈಪಿಡಿಯ ಹಿಂಬದಿಯ ತಖ್ತೆಯಲ್ಲಿ ಅಕ್ಕಪಕ್ಕ ಎರಡು ಅಂಕಣಗಳಿವೆ. ಒಂದಕ್ಕೆ ʻಹುಟ್ಟಿದ ಲೆಕ್ಕʼ ಎಂದು ಬರೆದಾಗಿದೆ. ಇನ್ನೊಂದಕ್ಕೆ ಸದ್ಯ ಪೆನ್ಸಿಲಿನಲ್ಲಿ ʻದಿನ ತುಂಬಿದ ಲೆಕ್ಕʼ ಎಂದಿದೆ. ಇದಕ್ಕಿಂತ ಚಿಕ್ಕದು, ಎರಡು ಬೆರಳಿನಗಲದಲ್ಲಿ ಹಿಡಿಯುವಂಥದ್ದು ಯಾರಿಗಾದರೂ ಹೊಳೆದರೆ ತಿಳಿಸಿ.