ಅಪ್‌ಡೇಟ್: ಕ್ಯಾರವಾನ್‌ನ ಟ್ರಾನ್ಸ್‌ಫರ್ ಸ್ವಿಚ್ ಸರಿಹೋಯಿತು

ದಾವಣಗೆರೆಯ ನಮ್ಮ ಮನೆಯಂಗಳದಲ್ಲಿ ನಿಲ್ಲಿಸಿರುವ ಕ್ಯಾರವಾನ್‌ಗೆ (ಒಳಗೆ ವಾಸಿಸಬಹುದಾದ ವಾಹನಕ್ಕೆ) ಮನೆಯ ಕರೆಂಟ್ ಬರುತ್ತದೆ, ಆದರೆ ಜನರೇಟರ್ ಹಾಕಿದರೆ ಒಳಗೆ ದೀಪವೂ ಉರಿಯುವುದಿಲ್ಲ ಎಂದು ಕೇಳಿದ್ದೆನಲ್ಲ, ಅದು ಈಗ ಬಗೆಹರಿದಿದೆ. ಜನರೇಟರ್‌ನ ಬ್ರೇಕರ್ ಬದಲಿಸುವ ಸಲಹೆಯಿಂದ ಪ್ರಯೋಜನವಾಗಲಿಲ್ಲ; ಟ್ರಾನ್ಸ್‌ಫರ್ ಸ್ವಿಚ್ಚಿನ, ಅಂದರೆ ಒಳಗಿನ ಸಂಪರ್ಕವನ್ನು ಮನೆಯ ಕರೆಂಟ್‌ನಿಂದ ಜನರೇಟರ್‌ಗೆ ಬದಲಿಸುವ ಸ್ವಿಚ್ಚಿನ, ಪೆಟ್ಟಿಗೆಯನ್ನೇ ಬಿಚ್ಚಿಸಿ ನೋಡಿ ಎಂದವರ ಮಾತು ನಿಜವಾಯಿತು. ಎಲೆಕ್ಟ್ರಿಷಿಯನ್ ಮೊದಲು ಮನೆಯ ಸಾಕೆಟ್‌ನಲ್ಲಿ ಮಲ್ಟಿಮೀಟರ್ 230 ವೋಲ್ಟ್ ಆಸುಪಾಸು ತೋರಿಸುವುದನ್ನು ಖಚಿತಪಡಿಸಿಕೊಂಡು, ಪ್ಲಗ್ ಕಿತ್ತು, ಜನರೇಟರ್ ಮತ್ತು ಇನ್ವರ್ಟರ್ ಎರಡನ್ನೂ ನಿಲ್ಲಿಸಿ, ಮುಚ್ಚಳ ತೆಗೆದು, ಪ್ರತಿ ಟರ್ಮಿನಲ್‌ನಲ್ಲೂ ಸೊನ್ನೆ ಕಂಡ ಮೇಲೆಯೇ ತಂತಿ ಮುಟ್ಟಿದರು. ಜನರೇಟರ್ ಕಡೆಯ ನ್ಯೂಟ್ರಲ್ ಸ್ಕ್ರೂ ಸಡಿಲವಾಗಿ, ತಂತಿಯ ತುದಿ ಕಂದುಬಣ್ಣಕ್ಕೆ ಸುಟ್ಟಿತ್ತು. ಸುಟ್ಟ ಭಾಗ ಕತ್ತರಿಸಿ ಬಿಗಿಮಾಡಿದ್ದೇ ಸಾಕಾಯಿತು. ನನಗೆ ಅಚ್ಚರಿಯಾದದ್ದು ಬೇರೆಯೇ: ಜನರೇಟರ್ ಸ್ಥಿರಗೊಳ್ಳಲೆಂದು ಇಂತಹ ಅನೇಕ ಸ್ವಿಚ್ಚುಗಳು ಸುಮಾರು ಅರ್ಧ ನಿಮಿಷ ಕಾದು ನಂತರ ‘ಟಕ್’ ಎಂದು ಜನರೇಟರ್‌ಗೆ ಬದಲಾಗುತ್ತವೆ, ಆ ವಿಳಂಬ ದೋಷವಲ್ಲ.