ಕ್ವಿಜ್‌ನಲ್ಲಿ ಗೆಲ್ಲೋರಿಗೆ ಇಷ್ಟೊಂದು ವಿಷಯ ಹೇಗೆ ಗೊತ್ತಿರುತ್ತೆ?

ತಿಪಟೂರು ಅಪ್ಪ: ಚಂದನದಲ್ಲಿ ‘ಥಟ್ ಅಂತ ಹೇಳಿ’ ನೋಡ್ತಾ ಮಗಳು ಕೇಳಿದ್ಳು, ಪುರಾಣ, ಕ್ರಿಕೆಟ್, ರಸಾಯನಶಾಸ್ತ್ರ ಎಲ್ಲಾ ಒಬ್ಬರಿಗೇ ಹೇಗೆ ಬರುತ್ತೆ ಅಂತ. ಅವಳಿಗೂ ಭಾಗವಹಿಸೋ ಆಸೆ. ಪಿಯುಸಿ ಓದ್ತಿದ್ದಾಳೆ. ಏನು ಓದಿಸಲಿ?

ಬಟವಾಡಿ ಹುಡುಗ: ಅಣ್ಣ, ಹಳೇ ಪ್ರಶ್ನೆಗಳನ್ನ ಹಿಡ್ಕೊಳ್ಳಿ. ಅಮೆರಿಕದ ‘ಜೆಪರ್ಡಿ’ ಅನ್ನೋ ಟಿವಿ ಕ್ವಿಜ್‌ನಲ್ಲಿ ರೋಜರ್ ಕ್ರೇಗ್ ಅನ್ನೋ ಸ್ಪರ್ಧಿ ಮಾಡಿದ್ದೂ ಅದನ್ನೇ. ಹಳೇ ಸಂಚಿಕೆಗಳ ಪ್ರಶ್ನೆಗಳನ್ನ ಕಂಪ್ಯೂಟರಿಗೆ ಹಾಕಿ, ಪದೇ ಪದೇ ಬರೋ ವಿಷಯ ಯಾವುದು ಅಂತ ವಿಂಗಡಿಸಿ, ಅದನ್ನೇ ತಾಲೀಮು ಮಾಡಿದ್ರು. 2010ರಲ್ಲಿ ಒಂದೇ ಆಟದಲ್ಲಿ 77,000 ಡಾಲರ್! ಆಗ ಅದೇ ದಾಖಲೆ.

ಶಿರಾ ಟೀಚರ್: ಪ್ರಶ್ನೆ ತಿರುಗಿಸಿ ಕೇಳಿದ್ರೆ ಆ ಪಟ್ಟಿ ಕೈ ಕೊಡುತ್ತೆ. ನಾನು ಹೈಸ್ಕೂಲ್ ಮಕ್ಕಳನ್ನ ಕ್ವಿಜ್‌ಗೆ ತಯಾರು ಮಾಡ್ತೀನಿ. ಜಯಮಂಗಲಿ ಎಲ್ಲಿ ಹುಟ್ಟುತ್ತೆ ಅಂದ್ರೆ ‘ದೇವರಾಯನದುರ್ಗ’ ಅಂತ ಇಡೀ ಕ್ಲಾಸೇ ಕೂಗುತ್ತೆ. ಯಾವ ನದಿಗೆ ಸೇರುತ್ತೆ ಅಂದ್ರೆ ಯಾರೂ ಬಾಯಿ ಬಿಡಲ್ಲ. ಆಗ ಅಟ್ಲಾಸ್ ಬಿಚ್ಚಿ ನೀಲಿ ಗೆರೆ ಮೇಲೆ ಬೆರಳಿಟ್ಟು ಹೋಗಿ ಅಂತೀನಿ. ಉತ್ತರ ಪಿನಾಕಿನಿ ಸಿಗುತ್ತೆ. ಅದು ಹುಟ್ಟೋ ನಂದಿಬೆಟ್ಟದ ಸೀಮೆ ಸಿಗುತ್ತೆ, ಸಮುದ್ರ ಸೇರೋ ನೆಲ್ಲೂರು ಕಡೆಯೂ ಸಿಗುತ್ತೆ. ಹಂಗೆ ಹುಡುಕಿದ್ದನ್ನ ಮಕ್ಕಳು ವರ್ಷ ಕಳೆದ್ರೂ ಮರೆಯಲ್ಲ.

ಬಟವಾಡಿ ಹುಡುಗ: ಪಿಯುಸಿ ಹುಡುಗಿಗೆ ಅಷ್ಟು ಪುರುಸೊತ್ತು ಎಲ್ಲಿ ಮೇಡಂ? ಮರೆಯೋ ಹೊತ್ತಿಗೆ ಸರಿಯಾಗಿ ಇನ್ನೊಂದು ಸಲ ನೋಡ್ಕೊಂಡ್ರೆ ಪಟ್ಟಿಯೂ ತಲೆಯಲ್ಲಿ ನಿಲ್ಲುತ್ತೆ.

ಶಿರಾ ಟೀಚರ್: ಮತ್ತೆ ಮತ್ತೆ ನೋಡಲೇಬೇಕು, ಒಪ್ತೀನಪ್ಪ. ಆದ್ರೆ ‘ಶಿವನಸಮುದ್ರ, 1902’ ಅಂತಷ್ಟೇ ಬರೆದಿಟ್ರೆ ಏನು ಉಪಯೋಗ? ಕೋಲಾರದ ಚಿನ್ನದ ಗಣಿಗೆ ಕರೆಂಟ್ ಬೇಕಿತ್ತು, ಅದಕ್ಕೇ ಶಿವನಸಮುದ್ರದಲ್ಲಿ ನೀರಿನಿಂದ ಕರೆಂಟ್ ತೆಗೆದು ಅಷ್ಟು ದೂರ ತಂತಿ ಎಳೆದ್ರು. ಬೆಂಗಳೂರಿಗೆ ಬೀದಿದೀಪ ಬಂದಿದ್ದು ಆಮೇಲೆ, 1905ರಲ್ಲಿ. ಕಾರಣ ಗೊತ್ತಿದ್ರೆ ಇಸವಿ ತಾನಾಗೇ ಹಿಂದೆ ಬರುತ್ತೆ.

ಗುಬ್ಬಿ ಓದುಗ: ತಿಪಟೂರಿನವರೇ, ಆ ಕಾರ್ಯಕ್ರಮವನ್ನೇ ಸರಿಯಾಗಿ ನೋಡಿಸಿ. ನಾ. ಸೋಮೇಶ್ವರ ಅವರು ಓದಿದ್ದು ವೈದ್ಯಕೀಯ. 2002ರಿಂದ ನಡೆಸಿಕೊಂಡು ಬಂದಿರೋದು ಎಲ್ಲಾ ವಿಷಯದ ಕ್ವಿಜ್. ಉತ್ತರ ಆದ್ಮೇಲೆ ಅವರು ಕೊಡೋ ವಿವರಣೆಯೇ ನಿಜವಾದ ಪಾಠ. ಬಹುಮಾನ ಕೊಡೋದೂ ಪುಸ್ತಕವನ್ನೇ. ದಿನಾ ಪೇಪರ್ ಓದಿಸಿ, ಊರಿನ ಲೈಬ್ರರಿಗೆ ಸೇರಿಸಿ. ಅವಳಿಗೆ ಬೇಜಾರಾಗೋ ವಿಷಯದ ಪುಸ್ತಕವನ್ನೂ ಆಗಾಗ ತರಿಸಿ. ಕ್ರಿಕೆಟ್ ಒಂದೇ ಓದಿದ್ರೆ ಪುರಾಣದ ಪ್ರಶ್ನೆಗೆ ಸೋಲ್ತಾರೆ.

ಬಟವಾಡಿ ಹುಡುಗ: ಅದೆಲ್ಲ ಸರಿ ಸಾರ್, ಆದ್ರೆ ಕ್ಯಾಮೆರಾ ಮುಂದೆ ಗೊತ್ತಿರೋದೂ ನೆನಪಾಗಲ್ಲ. ವೇಗಕ್ಕೆ ಏನ್ಮಾಡ್ತೀರಿ?

ಶಿರಾ ಟೀಚರ್: ಅದಕ್ಕೆ ಟಿವಿ ಮುಂದೆ ಕೂತಾಗ, ಸ್ಪರ್ಧಿ ಬಾಯಿ ಬಿಡೋಕೆ ಮುಂಚೆ ಮಗಳು ಗಟ್ಟಿಯಾಗಿ ಉತ್ತರ ಹೇಳ್ಬೇಕು. ತಪ್ಪಾದ್ರೂ ಸರಿ, ಹೇಳಲೇಬೇಕು. ತಪ್ಪಿದ್ದನ್ನೆಲ್ಲ ಒಂದು ನೋಟ್‌ಬುಕ್ಕಿಗೆ ಬರೆಸಿ ಸಾರ್.